ಕಾಲು ಬದಲಿಸದ ಕಫಾ

ಕಫಾಳ ಅಪ್ಪನಿಗೆ ಸಾಲಾಗಿ ನಾಲ್ಕು ಹೆಣ್ಣು ಹುಟ್ಟಿದವು. ನಾಲ್ಕನೆಯದನ್ನು ಸೂಲಗಿತ್ತಿ ಹೊರಗೆ ತಂದು ತೋರಿಸಿದಾಗ ಅವನು ಆಕಾಶ ನೋಡಿ "ಕಫಾ" ಎಂದನಂತೆ, ಸಾಕು ಎಂದು. ಅದೇ ಹೆಸರಾಗಿ ನಿಂತಿತು, ಕನ್ನಡ ನಾಡಿನ ಸಾಕಮ್ಮಂದಿರಿಗೆ ನಿಂತ ಹಾಗೆ. ಮೇಲಿನವನಿಗೆ ಕಿವಿ ಮಂದವೋ ಏನೋ, ಐದನೆಯದೂ ಹೆಣ್ಣೇ ಆಯಿತು. ಅದಕ್ಕೆ ನಿಹಾಯೆ ಎಂದು ಹೆಸರಿಟ್ಟ, ಮುಗಿಯಿತು ಎಂದು. ಆಮೇಲೆ ನಿಜವಾಗಿಯೂ ಮುಗಿಯಿತು. ಸಾಕು ಮತ್ತು ಮುಗಿಯಿತು ಇಬ್ಬರೂ ಒಂದೇ ಹಾಸಿಗೆಯಲ್ಲಿ, ಒಂದೇ ಕಂಬಳಿಗೆ ಜಗಳಾಡುತ್ತ ಬೆಳೆದರು. ಬೇಡದವರೆಂದು ಹೆಸರಲ್ಲೇ ಹೇಳಿಸಿಕೊಂಡು ಬಂದ ಈ ಇಬ್ಬರು ಒಬ್ಬರಿಗೊಬ್ಬರು ಎಷ್ಟು ಬೇಕಾಗಿದ್ದರು ಎಂಬುದನ್ನು ಬೆಟ್ಟವನ್ನೇ ಕೇಳಬೇಕು.

ಬೆಟ್ಟವೆಂದರೆ ಅವರಿಬ್ಬರ ನಡುವೆ ಎದ್ದು ನಿಂತ ಬೆಟ್ಟ. ಕಫಾಳನ್ನು ಹುಟ್ಟಿದೂರು ಐನ್ ಜೋಜ್‌ನಲ್ಲೇ ರೊಟ್ಟಿ ಸುಡುವ ಶಲೀತಾನಿಗೆ ಕೊಟ್ಟರು. ನಿಹಾಯೆಯನ್ನು ದೇವದಾರು ಬೆಟ್ಟದ ಆಚೆಗೆ, ಬೆಕಾ ಬಯಲಿಗೆ ಮುಖಮಾಡಿ ಕೂತ ದೇರ್ ಸಫ್‌ಸಾಫ್‌ಗೆ ಕೊಟ್ಟರು. ಬೇಸಿಗೆಯಲ್ಲಿ ಬೆಟ್ಟದ ನೆತ್ತಿಯ ಮೇಲಿನ ರಸ್ತೆ ತೆರೆದಿರುತ್ತದೆ. ಹಿಮ ಬಿದ್ದರೆ ಮುಚ್ಚಿತು, ವಸಂತದವರೆಗೆ ಅದರ ಮಾತೆತ್ತುವ ಹಾಗಿಲ್ಲ. ಆಗ ತಂಗಿಯ ಮುಖ ನೋಡಬೇಕೆಂದರೆ ಕಡಲ ಪಟ್ಟಣ ಟ್ರಿಪೋಲಿಗೆ ಇಳಿದು, ಕಡಲಂಚು ಹಿಡಿದು ಹೋಗಿ, ಇನ್ನೊಂದು ಬೆಟ್ಟ ಹತ್ತಿ ಇಳಿದು, ಹೊತ್ತು ಮುಳುಗುವ ತನಕ ಬಸ್ಸಿನಲ್ಲಿ ಕುಲುಕಿಸಿಕೊಳ್ಳಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ.

ಸೈಕಲ್ಲು ಅವಳ ಬದುಕಿಗೆ ಬಂದದ್ದು ಗುಜರಿಯಾಗಿ. ಇಳಿಜಾರಿನ ಬುಡದಲ್ಲಿ ಚಳಿಗಾಲಕ್ಕೆ ಹಿಮದ ಮೇಲೆ ಜಾರುವ ಸ್ಕೀ ಹಲಗೆ, ಬೇಸಿಗೆಗೆ ಸೈಕಲ್ಲು ಬಾಡಿಗೆ ಕೊಡುವ ಅಂಗಡಿಯವನೊಬ್ಬ ಬೆಟ್ಟ ಹತ್ತುವ ಸೈಕಲ್ಲೊಂದನ್ನು ಕೆಟ್ಟಿತೆಂದು ತಿಪ್ಪೆಗೆ ಎಸೆದಿದ್ದ. ಶಲೀತಾ ಅದನ್ನು ಎಳೆದು ತಂದು, ಹಿಟ್ಟು ನಾದುವ ಯಂತ್ರದ ಹಳೆಯ ಬೇರಿಂಗು ಹಾಕಿ ಓಡುವ ಹಾಗೆ ಮಾಡಿದ. ಮೇಲಿನ ಕೇರಿಗೆ ರೊಟ್ಟಿ ಕಳಿಸುವುದಷ್ಟೇ ಅವನ ಉದ್ದೇಶ. ಕಫಾ ಆಗ ಮಕ್ಕಳನ್ನು ದಡ ಮುಟ್ಟಿಸಿ, ಕೂದಲಲ್ಲಿ ಬೆಳ್ಳಿ ಕಂಡ ಹೆಂಗಸು. ಒಂದು ದಿನ ಮೇಲಿನ ಕೇರಿಗೆ ರೊಟ್ಟಿ ಕೊಟ್ಟವಳು ತಿರುಗಿ ಬರಲಿಲ್ಲ. ಹಾಗೆಯೇ ಹತ್ತಿದಳು. ನೆತ್ತಿ ದಾಟಿ, ಆಚೆ ಇಳಿದು, ತಂಗಿಯ ಅಂಗಳದಲ್ಲಿ ಬೆವರು ಸುರಿಸುತ್ತ ನಿಂತು, "ಕಾಫಿಗಿಡೇ, ಸಂಜೆ ಹಿಟ್ಟು ನಾದಬೇಕು" ಎಂದಳು. ನಿಹಾಯೆ ಕೈಯಲ್ಲಿದ್ದ ಕೊಡ ಬಿಟ್ಟು ಅಳಲಿಕ್ಕೆ ಶುರುಮಾಡಿದಳು.

ಅಲ್ಲಿಂದ ಹಿಡಿದ ಗೀಳು ಬಿಡಲಿಲ್ಲ. ಕಫಾ ಓಟದ ಕುದುರೆಯಲ್ಲ, ದೂರ ಹೊರುವ ಹೇಸರಗತ್ತೆ. ಬೆಳಗಿನ ರೊಟ್ಟಿ ಮುಗಿಸಿ ಹೊರಟರೆ ಕಣಿವೆಯ ತಳ ಮುಟ್ಟಿ, ಎದುರು ದಡ ಹತ್ತಿ, ಸಂಜೆ ಒಲೆ ಹೊತ್ತಿಸುವ ಹೊತ್ತಿಗೆ ತಿರುಗಿ ಬರುತ್ತಿದ್ದಳು. ಒಂದು ವರ್ಷ ಪಟ್ಟಣದ ಹುಡುಗರು ಉತ್ತರದಿಂದ ದಕ್ಷಿಣಕ್ಕೆ ಬೆಟ್ಟದ ಬೆನ್ನೆಲುಬಿನ ಮೇಲೆಯೇ ನಿಲ್ಲದೆ ಸೈಕಲ್ಲು ಹೊಡೆಯುವ ಪಂದ್ಯ ಇಟ್ಟಾಗ ಇವಳೂ ಸೇರಿದಳು. ಅವರು ಮೈಗಂಟಿದ ಬಣ್ಣದ ಅಂಗಿಗಳಲ್ಲಿ, ಇವಳು ಗಂಡನ ಹಳೆಯ ಸ್ವೆಟರಿನಲ್ಲಿ. ಅವರ ಜೇಬಿನಲ್ಲಿ ಪೊಟ್ಟಣದ ಸಿಹಿ ಅಂಟು, ಇವಳ ಚೀಲದಲ್ಲಿ ಬೇಯಿಸಿದ ಆಲೂಗಡ್ಡೆ, ಉಪ್ಪು, ಆಲಿವ್ ಕಾಯಿ, ರೊಟ್ಟಿ. ಮೊದಲಿಗಳೂ ಆಗಲಿಲ್ಲ, ಕೊನೆಯವಳೂ ಆಗಲಿಲ್ಲ. ಎಷ್ಟನೆಯವಳು ಎಂದು ಊರವರು ಕೇಳಿದರೆ, "ಮುಂದೆ ಹೋದವರಿಗೆ ನಮ್ಮ ರೊಟ್ಟಿ ಸಿಗಲಿಲ್ಲ, ಹಿಂದೆ ಉಳಿದವರಿಗೆಲ್ಲ ಸಿಕ್ತು, ಲೆಕ್ಕ ನೀವೇ ಹಾಕ್ಕೊಳ್ಳಿ" ಎಂದಳು.

ಸ್ಕೀ ಮಾತ್ರ ಅಪ್ಪನಿಂದ ಬಂದದ್ದು. ಅಪ್ಪ ಇಳಿಜಾರಿನಲ್ಲಿ ಸ್ಕೀಯವರನ್ನು ಮೇಲಕ್ಕೊಯ್ಯುವ ತಂತಿಯ ಕುರ್ಚಿಗಳನ್ನು ನಡೆಸುವ ಕೆಲಸದಲ್ಲಿದ್ದ. ಸೇಬಿನ ಪೆಟ್ಟಿಗೆಯ ಹಲಗೆಯನ್ನು ಕಾಲಿಗೆ ಕಟ್ಟಿಕೊಂಡು ಜಾರಿದ ಮಕ್ಕಳು ಅವರು. ಹೀಗಾಗಿ ಬೇಸಿಗೆಯಲ್ಲಿ ಗಾಲಿಯ ಮೇಲೆ, ಚಳಿಗಾಲದಲ್ಲಿ ಹಲಗೆಯ ಮೇಲೆ, ಕಫಾ ವರ್ಷವಿಡೀ ಬೆಟ್ಟ ದಾಟಿ ತಂಗಿಯ ಮನೆಯ ಕಾಫಿ ಕುಡಿದು ಬರುತ್ತಿದ್ದಳು.

ತೊಡಕು ಇದ್ದದ್ದು ನಡುವಿನ ದಿನಗಳಲ್ಲಿ. ಸೈಕಲ್ಲಿನಿಂದ ಸ್ಕೀಗೆ ಹೋಗುವುದು ಒಂದು ಜೋಡು ಬಿಟ್ಟು ಇನ್ನೊಂದು ಜೋಡು ಮೆಟ್ಟಿದಷ್ಟು ಸಲೀಸಲ್ಲ. ಸೈಕಲ್ಲಿನ ಕಾಲು ಕೂತು ತುಳಿಯುವ ಕಾಲು, ಅದಕ್ಕೆ ಸುತ್ತುವುದು ಗೊತ್ತು. ಸ್ಕೀಯ ಕಾಲು ನಿಂತು ಜಾರುವ ಕಾಲು, ಅದಕ್ಕೆ ಮೈಭಾರವನ್ನು ತಡೆದು ಹಿಡಿಯುವುದು ಗೊತ್ತಿರಬೇಕು. ಒಂದರ ಸೊಕ್ಕಿನಲ್ಲಿ ಇನ್ನೊಂದಕ್ಕೆ ಹೋದವರ ಮಂಡಿ ಚಿಪ್ಪು ಜರುಗಿ ಮೂಲೆ ಹಿಡಿದಿದ್ದನ್ನು ಅವಳು ಕಂಡಿದ್ದಳು. ಅದಕ್ಕೇ ಸೆಪ್ಟೆಂಬರಿನ ಶಿಲುಬೆ ಹಬ್ಬ ಕಳೆದು ಸೇಬಿನ ಕೊಯ್ಲು ಶುರುವಾಯಿತೆಂದರೆ "ಕಾಲು ಬದಲಿಸ್ತಾ ಇದ್ದೀನಿ" ಎನ್ನುತ್ತಿದ್ದಳು. ಹಣ್ಣಿನ ಭಾರಕ್ಕೆ ಬಾಗಿದ ಕೊಂಬೆಗಳಿಗೆ ಆಸರೆ ಕೊಟ್ಟ ಕವೆಗೋಲುಗಳನ್ನು ಕೊಯ್ಲಾದ ಮೇಲೆ ಕಿತ್ತು ಒಟ್ಟುತ್ತಾರಲ್ಲ, ಅವುಗಳಲ್ಲಿ ಎರಡನ್ನು ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತೋಟಗಳನ್ನು ಜಿಗಿಜಿಗಿದು ಹತ್ತುತ್ತಿದ್ದಳು. ಗಂಡಾಳುಗಳು ಮರದ ಮೇಲಿಂದ, "ನೋಡ್ರೋ, ಬೇಕರಿಯಮ್ಮ ಮೇಕೆ ಆದ್ಲು!" ಎಂದು ಕೂಗುತ್ತಿದ್ದರು. ಅವಳು ತಲೆ ಎತ್ತದೆ, "ಮೇಕೆ ಮೇಲೆ ಹತ್ತುತ್ತೆ, ಕೋತಿ ಮರದಲ್ಲೇ ಇರುತ್ತೆ" ಎಂದು ಹೇಳಿ ಮುಂದಿನ ಗೋಡೆ ಹಾರುತ್ತಿದ್ದಳು.

ಸ್ಕೀ ಹಲಗೆಗೆ ಮೇಣ ಬಳಿಯುವುದು ರೊಟ್ಟಿ ಒಲೆಯ ಬಾಯಲ್ಲಿ. ಆ ವಾರ ಊರಿಗೆಲ್ಲ ಅದರ ವಾಸನೆ. ಝಾತರ್ ಸೊಪ್ಪಿನ ಪುಡಿ ಹಚ್ಚಿದ ರೊಟ್ಟಿಯನ್ನು ಮುರಿದು ಮೂಸಿ ಹೆಂಗಸರು, "ಶಲೀತಾ, ಇದನ್ನ ತಿನ್ನೋದೋ, ದೇವರ ಮುಂದೆ ಹಚ್ಚಿಡೋದೋ?" ಎನ್ನುತ್ತಿದ್ದರು. ಶಲೀತಾ, "ಎರಡೂ ಮಾಡಿ, ಪುಣ್ಯನೂ ಬರುತ್ತೆ" ಎನ್ನುತ್ತಿದ್ದ. ಹೆಂಡತಿಯ ಹುಚ್ಚಿಗೆ ಅವನು ಎಂದೂ ಅಡ್ಡ ಬಂದವನಲ್ಲ. ಅವನಿಗೂ ಒಂದು ಹುಚ್ಚಿತ್ತು, ಉಪ್ಪಿನ ಹುಚ್ಚು.

ಶಿಲುಬೆ ಹಬ್ಬದ ರಾತ್ರಿ ಹನ್ನೆರಡು ಆಕ್ರೋಟಿನ ಎಲೆಗಳ ಮೇಲೆ ಹನ್ನೆರಡು ಚಿಟಿಕೆ ಉಪ್ಪಿಟ್ಟು, ಒಂದೊಂದಕ್ಕೆ ಒಂದೊಂದು ತಿಂಗಳ ಹೆಸರು ಹೇಳಿ, ಮಾಳಿಗೆಯ ಮೇಲೆ ಬಿಡುವುದು. ಬೆಳಗ್ಗೆ ಯಾವ ಎಲೆಯ ಉಪ್ಪು ನೀರಾಗಿದೆಯೋ ಆ ತಿಂಗಳು ಮಳೆ, ಹಿಮ. ಯಾವುದು ಒಣಗಿದೆಯೋ ಅದು ಒಣ. ಈ ಶಾಸ್ತ್ರ ಊರಲ್ಲಿ ಎಲ್ಲರಿಗೂ ಗೊತ್ತು, ಆದರೆ ಶಲೀತಾನ ಉಪ್ಪು ಹುಸಿಹೋಗದು ಎಂದು ಹೆಸರು. ಅವನ ಮಾತು ಕೇಳಿ ಜನ ಸೌದೆ ಕೂಡಿಸುತ್ತಿದ್ದರು, ಮದುವೆ ಗೊತ್ತುಮಾಡುತ್ತಿದ್ದರು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ನಿಹಾಯೆಯ ಮಗನಿಗೆ ಮಗು ಹುಟ್ಟಿತು. ತಿಂಗಳು ತುಂಬುವ ಮುಂಚೆಯೇ ಬಂದ ಕೂಸು, ಅಂಗೈಯಗಲ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಉಸಿರಿಗೆ ಉಸಿರು ಪೋಣಿಸುತ್ತ ಮಲಗಿತ್ತು. ಆಗ ನಿಹಾಯೆ ತನ್ನೂರಿನ ಸಂತ ಬಾರ್ಬರಾಳಿಗೆ ಹರಕೆ ಹೊತ್ತಳು. ಕೂಸು ಉಳಿಯಿತು. ಅವಳು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಕೂಸು ಯುವಾಕೀಂ ಮನೆಗೆ ಬಂದ. ಬೈಯಬೇಡ, ಒಂದು ತಪ್ಪು ಮಾಡಿದೀನಿ. ಬಾರ್ಬರಾ ಹಬ್ಬದ ದಿನವೇ ಅವಳ ಚರ್ಚಲ್ಲೇ ದೀಕ್ಷಾಸ್ನಾನ ಮಾಡಿಸ್ತೀನಿ, ಜ್ಞಾನತಾಯಿಯಾಗಿ ನಮ್ಮಕ್ಕನೇ ಕೂಸನ್ನ ಎತ್ತಿ ಹಿಡೀತಾಳೆ ಅಂತ ಮಾತು ಕೊಟ್ಟುಬಿಟ್ಟೀನಿ. ನಿನ್ನನ್ನ ಒಂದ್ಮಾತೂ ಕೇಳಲಿಲ್ಲ."

"ಸಂತಳಿಗೆ ಕೊಟ್ಟ ಮಾತಲ್ವೇನೇ, ನನ್ನನ್ನೇನು ಕೇಳೋದು" ಎಂದಳು ಕಫಾ. ಆಮೇಲೆ, "ಆದ್ರೆ ಬಾರ್ಬರಾ ಹಬ್ಬ ಅಂದ್ರೆ ಡಿಸೆಂಬರಿನ ಬಾಯಿ ಕಣೇ. ಗಾಲಿಗೂ ಇಲ್ಲ, ಹಲಗೆಗೂ ಇಲ್ಲ. ಅತ್ತ ದರಿ ಇತ್ತ ಪುಲಿ."

"ಭಾವನ ಉಪ್ಪು ಏನು ಹೇಳುತ್ತೋ ಕೇಳು."

ಉಪ್ಪು ಒಳ್ಳೆಯದನ್ನೇ ಹೇಳಿತು. ಶಿಲುಬೆ ಹಬ್ಬದ ಮರುದಿನ ಶಲೀತಾ ಮಾಳಿಗೆಯಿಂದಲೇ ಕೂಗಿದ: "ಡಿಸೆಂಬರು ಒಣ! ಬೂದಿ ಒಣಗಿದ ಹಾಗೆ ಒಣ! ಕಫಾ, ರೇಷ್ಮೆ ಬಟ್ಟೆ ಚೀಲದಲ್ಲಿಟ್ಕೊಂಡು ಸೈಕಲ್ ಮೇಲೆ ಹೋಗು!"

ಇಲ್ಲೇ ಅವಳು ಎಡವಿದ್ದು. ಪ್ರತಿ ವರ್ಷ ಉಪ್ಪನ್ನು ಒಂದು ಕಿವಿಯಲ್ಲಿ ಕೇಳಿ, ಇನ್ನೊಂದು ಕಿವಿಯಲ್ಲಿ ಗಾಳಿಯನ್ನು ಕೇಳುತ್ತಿದ್ದವಳು ಆ ವರ್ಷ ಉಪ್ಪನ್ನೇ ನಂಬಿದಳು. ನಂಬಬೇಕೆಂಬ ಆಸೆ ಇದ್ದವರಿಗೆ ನಂಬಲು ಎಷ್ಟು ಬೇಕು! ಶರತ್ಕಾಲವೂ ಹೊನ್ನಿನ ಹಾಗೆ ಬಂತು. ಹಳದಿ ಪಾಪ್ಲರ್ ಎಲೆಗಳ ಮೇಲೆ ಗಾಲಿ ಸರಸರ ಓಡಿತು. ಸೇಬು ಮುಗಿಯಿತು, ಕವೆಗೋಲುಗಳು ಒಟ್ಟಿದಲ್ಲೇ ಒಟ್ಟಿಕೊಂಡಿದ್ದವು. ಸ್ಕೀ ಹಲಗೆಗಳು ಅಟ್ಟದಲ್ಲಿ ಜೇಡನಿಗೆ ಮನೆಯಾದವು. ಊರ ಹೆಂಗಸರು ರೊಟ್ಟಿ ಮೂಸಿ, "ಈ ಸಲ ಮೇಣದ ವಾಸನೆಯೇ ಇಲ್ವಲ್ಲ" ಎಂದರೆ ಕಫಾ ನಕ್ಕುಬಿಟ್ಟಳು.

ಬಾರ್ಬರಾ ಹಬ್ಬಕ್ಕೆ ಇನ್ನೇನು ಒಂದೆರಡು ದಿನ ಇದೆ ಎನ್ನುವಾಗ ವಾಯವ್ಯದಿಂದ ಗಾಳಿ ತಿರುಗಿತು. ಬೆಳಗಾಗುವಷ್ಟರಲ್ಲಿ ಬೆಟ್ಟ ನೆತ್ತಿಯಿಂದ ಸೊಂಟದ ತನಕ ಬಿಳಿ. ಐನ್ ಜೋಜ್‌ನಲ್ಲಿ ತೆಳ್ಳಗೆ ಸಕ್ಕರೆ ಉದುರಿಸಿದಷ್ಟು ಬಿದ್ದಿತ್ತು. ಕಫಾ ಪೊರಕೆ ತೆಗೆದುಕೊಂಡು ಬೇಕರಿಯ ಮಾಳಿಗೆ ಗುಡಿಸಲು ಹತ್ತಿದಳು. ಹತ್ತಿದವಳು ಅಲ್ಲೇ ನಿಂತಳು.

"ಶಲೀತಾ, ಮೇಲೆ ಬಾ ಒಂದ್ಸಲ."

"ಕೈಯೆಲ್ಲ ಹಿಟ್ಟು."

"ಹಿಟ್ಟಿನ ಸಮೇತ ಬಾ."

ಅವನು ಏದುಸಿರು ಬಿಡುತ್ತ ಬಂದ. ಒಳ್ಳೆಯ ತೂಕದ ಗಂಡಸು.

"ಪ್ರತಿ ಸಲ ಮನೆ ಮಾಳಿಗೆ ಮೇಲೆ ಇಡ್ತಿದ್ದೆ ಉಪ್ಪು. ಈ ಸಲ?"

"ಮನೆ ಮಾಳಿಗೆ ಮೇಲೆ ನೀನು ಕಿಶ್ಕ್ ಹರವಿದ್ದೆಯಲ್ಲ, ಮೊಸರು ಗೋಧಿ ಕಲಸಿ, ಒಣಗೋಕೆ. ಅದಕ್ಕೇ ಇಲ್ಲಿಟ್ಟೆ."

"ಡಿಸೆಂಬರಿನ ಎಲೆ ಎಲ್ಲಿತ್ತು?"

ಅವನು ಬೆರಳು ತೋರಿಸಿದ. ತೋರಿಸಿದ ಬೆರಳು ಗಾಳಿಯಲ್ಲೇ ನಿಂತುಹೋಯಿತು. ಒಲೆಯ ಹೊಗೆ ಕೊಳವೆಯ ಸುತ್ತ ಒಂದು ಚಾಪೆಯಷ್ಟು ಜಾಗದಲ್ಲಿ ಹಿಮವೇ ಇರಲಿಲ್ಲ. ನೆಲ ಬೆಚ್ಚಗೆ ಒಣಗಿತ್ತು. ಸರಿಯಾಗಿ ಡಿಸೆಂಬರಿನ ಜಾಗದಲ್ಲಿ ಬೆಕ್ಕು ಹೊಟ್ಟೆ ಮೇಲೆ ಮಾಡಿ ಮಲಗಿತ್ತು.

"ಜನವರಿನೂ ಪಕ್ಕದಲ್ಲೇ ಇತ್ತು" ಎಂದ ಶಲೀತಾ, ಸಣ್ಣ ದನಿಯಲ್ಲಿ.

"ಜನವರಿನೂ ಒಣ ಅಂದಿದ್ದೆ."

"ಅಂದಿದ್ದೆ."

"ಬೆಕ್ಕಿಗೆ ತಿಳಿದದ್ದು ನಿನಗೆ ತಿಳೀಲಿಲ್ವಲ್ಲೋ ಮಾರಾಯ!"

ಕಫಾ ಅವನ ಭುಜದ ಮೇಲಿನ ಹಿಟ್ಟು ಕೊಡವಿ ಕೆಳಗಿಳಿದಳು. ಅಟ್ಟ ಹತ್ತಿ ಸ್ಕೀ ಇಳಿಸಿದಳು. ಹತ್ತುವಾಗ ಹಿಂದಕ್ಕೆ ಜಾರದಿರಲೆಂದು ಹಲಗೆಯ ಅಡಿಗೆ ಅಂಟಿಸುವ ಒರಟು ಕೂದಲಿನ ಪಟ್ಟಿಗಳಿರುತ್ತವೆ. ಅವುಗಳ ಅಂಟು ಒಣಗಿ ಹಪ್ಪಳವಾಗಿತ್ತು.

ಕಾರಿನ ಮಾತು ಬೇಡ. ಆ ವರ್ಷ ಪೆಟ್ರೋಲು ಸಿಕ್ಕುವುದೆಂದರೆ ಹುಲಿ ಹಾಲು ಸಿಕ್ಕಿದ ಹಾಗೆ. ಕೆಳಗಿನ ಪಟ್ಟಣದಲ್ಲಿ ಕಾರುಗಳು ಸಾಲಿನಲ್ಲಿ ನಿಂತೇ ತುಕ್ಕು ಹಿಡಿಯುತ್ತಿದ್ದವು, ಬಸ್ಸು ನಿಂತು ಎಷ್ಟೋ ದಿನವಾಗಿತ್ತು. ನಿಹಾಯೆ ಫೋನಿನಲ್ಲಿ ಅತ್ತಳು.

"ನಮ್ಮ ಅತ್ತಿಗೆ ಲತೀಫೆ ನಾನು ಹಿಡೀತೀನಿ ಕೂಸನ್ನ ಅಂತ ಆಗಲೇ ಕೈ ಚಾಚಿ ಕೂತಿದಾಳೆ. ಹರಕೆ ಮಾತು ಸುಳ್ಳಾಗುತ್ತಲ್ಲಕ್ಕಾ. ಕೂಸಿನ ಮೈ ಈಗಷ್ಟೇ ತುಂಬ್ತಾ ಇದೆ, ನನಗೆ ಹೆದರಿಕೆ."

"ಲತೀಫೆಗೆ ಕೈ ಮಡಚಿಕೊಳ್ಳೋಕೆ ಹೇಳು. ನಾನು ಬರ್ತೀನಿ."

"ಹೆಂಗೆ ಬರ್ತೀಯೇ?"

"ಅರ್ಧ ಗಾಲಿ, ಅರ್ಧ ಹಲಗೆ."

ಹಬ್ಬದ ದಿನ ಬೇಕರಿ ಮುಚ್ಚಿತ್ತು. ರೊಟ್ಟಿಗೆ ಬಂದವರು ಬರಿಗೈಯಲ್ಲಿ ಬೀದಿಯಲ್ಲಿ ನಿಂತು ನೋಡಿದರು. ಕಫಾ ಸೈಕಲ್ಲಿನ ಮೇಲಿನ ಕೊಳವೆಗೆ ಎರಡೂ ಸ್ಕೀಗಳನ್ನು ಬಿಗಿದಿದ್ದಳು, ಎತ್ತಿನ ಕೊಂಬಿನ ಹಾಗೆ ಮುಂದಕ್ಕೆ ಚಾಚಿಕೊಂಡಿದ್ದವು. ಸ್ಕೀ ಬೂಟುಗಳು ಕೊರಳಲ್ಲಿ ನೇತಾಡುತ್ತಿದ್ದವು. ಹಿಮದ ಗಡಿಯಿಂದ ಸೈಕಲ್ಲನ್ನು ಇಳಿಸಿ ತರಲು ಶಲೀತಾ ನೆರೆಯ ಮುದುಕ ಬರ್ಬರ್‌ನ ಹೇಸರಗತ್ತೆ ಏರಿದ್ದ. ಬರ್ಬರ್ ಹಗ್ಗ ಕೊಡುತ್ತ, "ಹೆಂಡ್ತಿ ಸೈಕಲ್ ಮೇಲೆ, ಗಂಡ ಕತ್ತೆ ಮೇಲೆ. ಊರಿಗೆ ರೊಟ್ಟಿ ಇಲ್ದಿದ್ರೂ ತಮಾಷೆಗೆ ಕೊರತೆ ಇಲ್ಲ" ಎಂದ.

"ನಿನ್ನ ಕತ್ತೆಗೆ ಉಪ್ಪು ತಿನ್ನಿಸಬೇಡ ಬರ್ಬರ್ ಚಿಕ್ಕಪ್ಪ, ಅದೂ ಭವಿಷ್ಯ ಹೇಳೀತು" ಎಂದು ಕಫಾ ಪೆಡಲು ತುಳಿದಳು.

ಕೊನೆಯ ದೇವದಾರುಗಳು ಮುಗಿದು ಬೋಳು ಇಳಿಜಾರು ಶುರುವಾಗುವಲ್ಲಿ ಗಾಲಿ ಹಿಮದಲ್ಲಿ ಹೂತಿತು. ಅವಳು ಇಳಿದು ಬೂಟು ಬದಲಿಸಿದಳು. ಶಲೀತಾ ಅಂಗಿಯೊಳಗೆ ಎದೆಗವಚಿ ತಂದಿದ್ದ ರೊಟ್ಟಿಗಳನ್ನು ಕೊಟ್ಟ. ಎಲ್ಲರಿಗೂ ಒಲೆ ಹೊತ್ತಿಸದವನು ಅವಳೊಬ್ಬಳಿಗೆ ಹೊತ್ತಿಸಿದ್ದ.

"ಸಿಟ್ಟಿದೆಯಾ?" ಎಂದ.

"ಇದೆ. ದಾರಿಗೆ ಬೇಕಾಗುತ್ತೆ, ಇಟ್ಕೊಂಡಿರ್ತೀನಿ."

ಅವನು ಸೈಕಲ್ಲನ್ನು ಕತ್ತೆಗೆ ಹೇರಿ, ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಇಳಿದ. ಫೋನು ಸಿಕ್ಕುವ ಜಾಗಕ್ಕೆ ಬಂದ ಕೂಡಲೇ ನಿಹಾಯೆಗೆ, "ಹತ್ತಿದಾಳೆ, ಕಾಯಿರಿ" ಎಂದು ಹೇಳಿದ.

ಬೆಟ್ಟ ಅವಳನ್ನು ಸಲೀಸಾಗಿ ಬಿಡಲಿಲ್ಲ. ಮುಚ್ಚಿಹೋದ ರಸ್ತೆ ಒಂದು ಬಟ್ಟಲಿನಂಥ ತಗ್ಗಿನ ಕೆಳಗೆ ಸಾಗುತ್ತದೆ. ಅಲ್ಲಿ ಹೊಸ ಹಿಮ ಗೋಡೆಯ ಸುಣ್ಣದಷ್ಟು ನುಣ್ಣಗೆ ಹೊಳೆಯುತ್ತಿತ್ತು. 'ಬಿಳಿ ಎಲ್ಲಿ ಚಂದವೋ ಅಲ್ಲಿ ಕಾಲಿಡಬೇಡ' ಎಂದು ಅಪ್ಪ ಹೇಳುತ್ತಿದ್ದ. ಅಂಥ ಚಂದ ಒಮ್ಮೆ ಜಾರಿದರೆ ಹೆಣ ಸಿಕ್ಕುವುದು ವಸಂತದಲ್ಲಿ. ಅವಳು ಗಾಳಿ ಹೊಡೆದು ಕಲ್ಲು ಕಾಣುತ್ತಿದ್ದ ಕುರೂಪಿ ದಿಣ್ಣೆಯ ಬೆನ್ನು ಹಿಡಿದಳು. ಸ್ವಲ್ಪ ಹತ್ತುವಷ್ಟರಲ್ಲಿ ಬಲಗಾಲಿನ ಪಟ್ಟಿ ಕಳಚಿ ಹಿಂದೆ ಬಾಲದಂತೆ ಎಳೆಯಿತು. ಮತ್ತೆ ಅಂಟಿಸಿದಳು. ಎಡಗಾಲಿನದು ಕಳಚಿತು. ಒಂದು ಹೆಜ್ಜೆ ಮೇಲೆ, ಎರಡು ಹೆಜ್ಜೆ ಕೆಳಗೆ. ಬಂಡೆಯ ಮರೆಗೆ ಕೂತು ಚೀಲ ಸುರಿದು ನೋಡಿದಳು. ಸೈಕಲ್ಲಿನವರ ಚೀಲ ಅದು, ಕಾಲ ಬದಲಾದರೂ ಚೀಲ ಬದಲಾಗಿರಲಿಲ್ಲ. ಅದರಲ್ಲಿ ಹೆಚ್ಚಿನ ಟ್ಯೂಬೊಂದಿತ್ತು. ಚಾಕು ತೆಗೆದು ಅದನ್ನು ಬಳೆ ಬಳೆಯಾಗಿ ಕತ್ತರಿಸಿ, ಹಲಗೆಗೂ ಪಟ್ಟಿಗೂ ಸೇರಿಸಿ ಬಿಗಿದಳು. ರಬ್ಬರು ಕಚ್ಚಿ ಹಿಡಿಯಿತು.

ಹಲಗೆ ನಿಂತಿತು, ಕಾಲು ನಿಲ್ಲಲಿಲ್ಲ. ಜಾರುಹೆಜ್ಜೆ ಮರೆತ ತೊಡೆಗಳು ಉರಿಯತೊಡಗಿದವು. ಉದ್ದ ಹೆಜ್ಜೆ ಹಾಕಿ ಹೋಗಬೇಕೆಂದು ಮನಸ್ಸು, ಆದರೆ ನಾಲ್ಕು ಹೆಜ್ಜೆಗೆ ಸೊಂಟ ಹಿಡಿಯಿತು. ಕವೆಗೋಲು ಹಿಡಿದು ಜಿಗಿಯದ ಒಂದೊಂದು ಬೆಳಗನ್ನೂ ಬೆಟ್ಟ ಈಗ ವಸೂಲಿ ಮಾಡುತ್ತಿತ್ತು. ಒಮ್ಮೆ ನಿಂತು ಹಿಂದಕ್ಕೆ ನೋಡಿದಳು. ಶಲೀತಾ ಇರುವೆಯಾಗಿ ಹೋಗಿದ್ದ. ತಿರುಗಿದರೆ ಯಾರೂ ಏನೂ ಅನ್ನುವವರಿಲ್ಲ. ಲತೀಫೆಯ ಕೈಯೂ ಕೈಯೇ. ಆದರೆ ಕೂಸಿಗೆ ನಾಳೆ ಒಂದು ಕೆಮ್ಮು ಬಂದರೂ ತಂಗಿ ಆ ಕೆಮ್ಮಿನಲ್ಲಿ ಮುರಿದ ಹರಕೆಯನ್ನೇ ಕೇಳುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಜೀವಮಾನವಿಡೀ ಕೇಳುತ್ತಾಳೆ.

ಆಗ ಅವಳು ಸ್ಕೀಯವಳಾಗುವ ಹಟ ಬಿಟ್ಟಳು. ಕಡಿದಾದ ಏರು ಬಂದರೆ ಸೈಕಲ್ಲಿನವರು ಏನು ಮಾಡುತ್ತಾರೆ? ಅತಿ ಸಣ್ಣ ಗೇರಿಗೆ ಇಳಿಸುತ್ತಾರೆ. ಮರ್ಯಾದೆ ಬಿಟ್ಟು, ನಡೆಯುವವರಿಗಿಂತ ನಿಧಾನವಾಗಿ, ಒಂದು ಹಾಡು ಗುನುಗುವಷ್ಟು ಉಸಿರು ಉಳಿಸಿಕೊಂಡು ತುಳಿಯುತ್ತಾರೆ, ಆದರೆ ನಿಲ್ಲುವುದಿಲ್ಲ. ಅವಳು ಹೆಜ್ಜೆಯನ್ನು ಗೇಣಿಗೆ ಇಳಿಸಿದಳು. ಬೂಟಿನ ಉದ್ದದಷ್ಟೂ ಇಲ್ಲದ ಹೆಜ್ಜೆ. ಗೇಣು, ಗೇಣು, ಗೇಣು. ಹಿಟ್ಟು ನಾದುವ ಕೈಗಳು ಕೋಲು ಊರಿ ಮೈಯನ್ನು ಎತ್ತಿಕೊಟ್ಟವು. ಬೇಸಿಗೆಯಿಡೀ ದೂರವನ್ನು ತಿಂದು ಬೆಳೆದ ತಾಳ್ಮೆ ಅದು, ಗಾಲಿಯಿಲ್ಲದೆಯೂ ಸುತ್ತಿತು.

ನೆತ್ತಿಯ ಮೇಲೆ ಗಾಳಿ ನಿಲ್ಲಗೊಡಲಿಲ್ಲ. ಆಚೆ ಬೆಕಾ ಬಯಲು ಒಣ ಚರ್ಮದಂತೆ ಕಂದಾಗಿ ಬಿದ್ದಿತ್ತು. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ತಿರುಗುವಾಗ ಮಂಡಿಗಳು ಬೆಣ್ಣೆಯಾಗಿ, ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಆಮೇಲೆ ಜಾಣತನ ಬಿಟ್ಟು ಇಡೀ ಇಳಿಜಾರನ್ನು ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ದಾಟಿ, ಅಂಚಿನಲ್ಲಿ ನಿಂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ತಿರುಗಿಸಿ, ಮತ್ತೆ ಈ ಅಂಚಿಗೆ ಬಂದಳು. ಊರ ಹುಡುಗರು ನೋಡಿದ್ದರೆ ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಬಯಲ ಕಡೆಯ ಹಿಮ ತೆಳು. ಕಲ್ಲು ಕರಕರ ಎಂದಾಗ ಹಲಗೆ ಬಿಚ್ಚಿ ಹೆಗಲಿಗೇರಿಸಿ, ಆ ಭಾರದ ಬೂಟುಗಳಲ್ಲೇ ಟೊಕ್ಕು ಟೊಕ್ಕೆಂದು ಕೆಳಗೆ ನಡೆದಳು.

ದೇರ್ ಸಫ್‌ಸಾಫ್‌ನಲ್ಲಿ ಅಷ್ಟು ಹೊತ್ತಿಗೆ ಬೇರೊಂದು ಯುದ್ಧ ನಡೆದಿತ್ತು. ಬಾರ್ಬರಾ ಹಬ್ಬಕ್ಕೆ ಗೋಧಿ ಬೇಯಿಸಿ, ಸಕ್ಕರೆ, ಸೋಂಪು, ದಾಳಿಂಬೆ, ಬಾದಾಮಿ ಹಾಕಿ ಊರಿಗೆಲ್ಲ ಹಂಚಬೇಕು. ಪಾದ್ರಿ ಅಬೂನಾ ಮಿತ್ರಿ ಇನ್ನೊಂದು ಊರಿಗೂ ಹೋಗಬೇಕಿತ್ತು. ಅವರು ಬೆಳಗ್ಗೆಯೇ ಹೇಳಿಬಿಟ್ಟಿದ್ದರು: "ಗೋಧಿ ಬೇಯೋ ತನಕ ಕಾಯ್ತೀನಿ ನಿಹಾಯೆ. ಬೆಂದ ಮೇಲೆ ಒಂದು ಗಳಿಗೆನೂ ಇಲ್ಲ. ನಿಮ್ಮಕ್ಕ ಬರದಿದ್ರೆ ಲತೀಫೆ ಹಿಡೀಲಿ."

ಲತೀಫೆ ಆಗಲೇ ಒಳ್ಳೆಯ ಬಟ್ಟೆ ಉಟ್ಟು ಕೂತಿದ್ದಳು. ನಡುನಡುವೆ ಎದ್ದು ಬಂದು ಹಂಡೆಯೊಳಗೆ ಸೌಟು ಹಾಕಿ ಕಾಳು ಕಚ್ಚಿ ನೋಡುತ್ತಿದ್ದಳು.

"ಇದೇನೇ ಇದು ನಿಹಾಯೆ! ಬೆಳಗ್ಗಿಂದ ಬೇಯ್ತಾನೇ ಇದೆ, ಇನ್ನೂ ಕಲ್ಲು!"

"ಈ ವರ್ಷದ ಗೋಧಿ ಗಟ್ಟಿ ಅತ್ತಿಗೆ" ಎನ್ನುತ್ತಿದ್ದಳು ನಿಹಾಯೆ. ಲತೀಫೆ ಬೆನ್ನು ತಿರುಗಿಸಿದ ಕೂಡಲೇ ಒಂದು ಚೊಂಬು ತಣ್ಣೀರು ಹಂಡೆಗೆ. ಕುದಿ ಏಳುತ್ತಿದ್ದಂತೆ ಒಂದು ಕೊಳ್ಳಿ ಹೊರಗೆ. ಅಬೂನಾ ಬಂದು ಇಣುಕಿದರೆ ಮುಖದಲ್ಲಿ ಸಂತಳ ಪಟದಷ್ಟು ಶಾಂತಿ. ಅಬೂನಾರೂ ರೈತನ ಮಗ. ಒಲೆಯ ಪಕ್ಕದಲ್ಲಿ ಹೊಗೆಯಾಡುತ್ತಿದ್ದ ಕೊಳ್ಳಿಗಳನ್ನು ನೋಡಿದರು, ಬರಿದಾದ ಕೊಡ ನೋಡಿದರು, ಗಡ್ಡ ಕೆರೆದುಕೊಂಡು, "ಹೌದು, ಗಟ್ಟಿ ಗೋಧಿ" ಎಂದು ಹೊರಗೆ ಹೋದರು.

ಹೊತ್ತು ವಾಲಿತು. ಮೋಸಕ್ಕೂ ಒಂದು ಮಿತಿಯಿದೆ, ಗೋಧಿ ಬೆಂದೇಬಿಟ್ಟಿತು. ಮೆರವಣಿಗೆ ಚರ್ಚಿಗೆ ಹೊರಟಿತು. ಲತೀಫೆ ಕೂಸನ್ನು ಎತ್ತಿಕೊಂಡಳು. ನಿಹಾಯೆ ಬಾಗಿಲಲ್ಲೇ ನಿಂತಳು, ಒಳಗೆ ಹೋಗಲು ಕಾಲು ಏಳಲಿಲ್ಲ. ಆಗ ಮೇಲಿನ ಓಣಿಯಿಂದ ಟೊಕ್ಕು ಟೊಕ್ಕು ಸದ್ದು ಬಂತು. ಕುದುರೆಯದಲ್ಲ, ಮನುಷ್ಯರದೂ ಅಲ್ಲ ಎನ್ನುವಂಥ ಸದ್ದು. ಹೆಗಲ ಮೇಲೆ ಎರಡು ಹಲಗೆ, ಹುಬ್ಬಿನಲ್ಲಿ ಹಿಮ, ಮುಖ ಬೀಟ್‌ರೂಟಿನ ಹಾಗೆ ಕೆಂಪು. ನಿಹಾಯೆ ಓಡಿದಳು. ಅಪ್ಪಿದ ರಭಸಕ್ಕೆ ಕಫಾ ಬೀಳುವುದರಲ್ಲಿದ್ದಳು.

"ಬಿಡೇ, ಬಿಡೇ, ಬಿದ್ರೆ ಎತ್ತೋಕೆ ಕತ್ತೆ ಬೇಕು. ಕೂಸೆಲ್ಲಿ?"

ಚರ್ಚಿನ ಕಲ್ಲುಹಾಸಿನ ಮೇಲೆ ಅವಳ ಬೂಟುಗಳು ಗಂಟೆ ಬಾರಿಸಿದಂತೆ ಬಾರಿಸಿದವು. ಕೈ ತೊಳೆದು, ಒರೆಸಿ, ಬಾಯಿಂದ ಊದಿ ಬೆಚ್ಚಗೆ ಮಾಡಿಕೊಂಡು ತೋಳು ಚಾಚಿದಳು. ಲತೀಫೆ ಒಂದು ಗಳಿಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೂಸನ್ನು ಕೊಟ್ಟಳು. ಕಫಾಳ ತೊಡೆಗಳು ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ನಡುಗುತ್ತಿದ್ದವು. ತೋಳು ಮಾತ್ರ ಅಲುಗಲಿಲ್ಲ.

"ಕೂತ್ಕೊಳ್ಳಮ್ಮ" ಎಂದರು ಅಬೂನಾ, "ಸಂತ ಬಾರ್ಬರಾ ಬೇಜಾರು ಮಾಡ್ಕೊಳ್ಳೋದಿಲ್ಲ."

"ಕೂತ್ರೆ ಏಳೋಳಲ್ಲ ಅಬೂನಾ. ನಿಂತಿರುವಾಗಲೇ ಮುಗಿಸಿಬಿಡಿ."

ಆಗ ಹಿಂದಿನಿಂದ ಯಾರೋ ಅವಳ ಸೊಂಟದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು. ತಿರುಗಿ ನೋಡಿದರೆ ಲತೀಫೆ. "ನೋಡ್ಬೇಡ, ಮುಂದೆ ನೋಡು" ಎಂದಳು ಗೊಗ್ಗರು ದನಿಯಲ್ಲಿ. "ನನ್ನ ಹೊಸ ಬಟ್ಟೆ ಹಾಳಾಯ್ತು ನಿನ್ನಿಂದ."

ಅಬೂನಾ ಪದ್ಧತಿಯಂತೆ ಅವಳನ್ನು ಸೈತಾನನ ದಿಕ್ಕೆನ್ನುವ ಪಡುವಣಕ್ಕೆ ತಿರುಗಿಸಿದರು. ತೆರೆದ ಬಾಗಿಲಾಚೆ, ಅವಳು ದಾಟಿ ಬಂದ ಬೆಟ್ಟ ಸಂಜೆ ಬೆಳಕಿನಲ್ಲಿ ನಿಂತಿತ್ತು.

"ಸೈತಾನನನ್ನೂ ಅವನ ಕೆಲಸಗಳನ್ನೂ ತೊರೆಯುತ್ತೀಯಾ?"

"ತೊರೆಯುತ್ತೇನೆ" ಎಂದಳು ಕಫಾ. ಆಮೇಲೆ ತಡೆಯಲಾರದೆ, "ಆ ದಿಣ್ಣೆ ಮೇಲೆ ಬಿಟ್ಟು ಬಂದೆ ಅಬೂನಾ. ಇನ್ನೂ ಅಲ್ಲೇ ಇದಾನೆ ನೋಡಿ" ಎಂದಳು. ಅಬೂನಾರ ಗಡ್ಡ ಅಲುಗಿತು. ನೀರು ಸೋಕಿದ ಕೂಸು ಚರ್ಚಿನ ಗಾಜು ನಡುಗುವಂತೆ ಕಿರುಚಿತು. ಅಷ್ಟು ಗಟ್ಟಿ ದನಿ ಅದಕ್ಕಿದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ನಿಹಾಯೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಆ ಕಿರುಚಾಟವನ್ನು ಕೇಳಿಸಿಕೊಂಡಳು.

ಮರುದಿನ ಕಫಾ ಮಂಚದಿಂದ ಇಳಿಯಲು ನೋಡಿದರೆ ಕಾಲು ಅವಳದೇ ಅಲ್ಲ. ಲತೀಫೆ ಬಿಸಿ ಎಣ್ಣೆ ತಂದು, ಬೈಯುತ್ತಲೇ ತೊಡೆ ತಿಕ್ಕಿದಳು. ಹಿಮ ಗಟ್ಟಿಯಾಗುವ ತನಕ ಎಲ್ಲಿಗೂ ಹೋಗುವ ಹಾಗಿರಲಿಲ್ಲ, ಕಳಿಸುವ ಮನಸ್ಸೂ ಯಾರಿಗೂ ಇರಲಿಲ್ಲ. ಐನ್ ಜೋಜ್‌ನಿಂದ ಶಲೀತಾ ಫೋನು ಮಾಡಿ ಹೇಗಿದ್ದೀಯ ಎಂದು ಕೇಳಿದ. ಉತ್ತರ ಕೊಟ್ಟವಳು ನಿಹಾಯೆ.

"ಅಕ್ಕನೂ ಕೂಸೂ ಇಬ್ರೂ ಚೆನ್ನಾಗಿದಾರೆ ಭಾವ. ಹೊಟ್ಟೆ ತುಂಬ ತಿಂದು ಅಕ್ಕಪಕ್ಕ ಮಲಗಿದಾರೆ. ಇಬ್ರಿಗೂ ನಡೆಯೋಕೆ ಬರಲ್ಲ, ಅಷ್ಟೇ."